ಬೆಂಡ್ ಪೈಪಿಗೆ ಹೀಟ್ ರ‍್ಯಾಪೋ, ಸೆರಾಮಿಕ್ ಕೋಟಿಂಗೋ, ಬರಿಯ ಲೋಹವೇ ಸಾಕೋ?

ರೇಸು ಹತ್ತಿರ ಬಂದಾಗಲೆಲ್ಲ ಗ್ಯಾರೇಜಿಗೆ ಬರುವ ಹುಡುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾ, ಬೆಂಡ್ ಪೈಪಿಗೆ ಪಟ್ಟಿ ಸುತ್ತಿಸಲಾ, ಸೆರಾಮಿಕ್ ಮಾಡಿಸಲಾ, ಇಲ್ಲಾ ಹಾಗೇ ಬಿಡಲಾ?" ಬೆಂಡ್ ಪೈಪ್ ಅಂದರೆ ಇಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಕೊಳವೆ. ಪಟ್ಟಿ ಅಂದರೆ ಬಿಸಿ ತಡೆಯಲು ಅದಕ್ಕೆ ಸುತ್ತುವ ನಾರಿನ ಪಟ್ಟಿ, ಅದೇ ಹೀಟ್ ರ‍್ಯಾಪ್. ಸೆರಾಮಿಕ್ ಅಂದರೆ ಪೈಪಿನ ಮೈಗೆ ಕೂರಿಸುವ ಲೇಪ. ಕೆಲವರು ಕೈಯಲ್ಲಿ ಪಟ್ಟಿಯ ಸುರುಳಿ ಹಿಡಿದುಕೊಂಡೇ ಬಂದಿರುತ್ತಾರೆ. ಸುತ್ತಿದರೆ ಪವರ್ ಬರುತ್ತದೆ ಅಂತ ಒಬ್ಬ ಹೇಳಿರುತ್ತಾನೆ, ಪೈಪ್ ತುಕ್ಕು ಹಿಡಿದು ಹೋಗುತ್ತದೆ ಅಂತ ಇನ್ನೊಬ್ಬ. ಇಬ್ಬರ ಮಾತಲ್ಲೂ ನಿಜವಿದೆ. ಆದರೆ ಯಾವ ಬೈಕು, ಯಾವ ಲೋಹ, ಎಲ್ಲಿ ಓಡಿಸುತ್ತೀರಿ ಅಂತ ಕೇಳದೆ ಕೊಟ್ಟ ಉತ್ತರ ಅರ್ಧ ಉತ್ತರವೇ. ಅದಕ್ಕೇ ಇಲ್ಲಿ ಮೊದಲು ಅಳತೆಗೋಲು, ಆಮೇಲೆ ಆಯ್ಕೆಗಳು.

ಮೊದಲು ನಿಮ್ಮ ಬೈಕನ್ನು ಕೇಳಬೇಕಾದ ಪ್ರಶ್ನೆಗಳು

ಬಿಸಿಯಿಂದ ನಿಮಗೆ ನಿಜವಾಗಿ ಆಗುತ್ತಿರುವ ತೊಂದರೆ ಏನು? ಕಾಲು ಸುಡುತ್ತಿದೆಯೋ, ಫೇರಿಂಗ್ (ಬೈಕಿನ ಮೈಮೇಲಿನ ಪ್ಲಾಸ್ಟಿಕ್ ಕವಚ) ಕರಗುತ್ತಿದೆಯೋ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಕುದಿಯುತ್ತಿದೆಯೋ, ಏರ್‌ಬಾಕ್ಸಿಗೆ (ಇಂಜಿನ್ ಗಾಳಿ ಎಳೆದುಕೊಳ್ಳುವ ಡಬ್ಬಿಗೆ) ಬಿಸಿಗಾಳಿ ಹೋಗುತ್ತಿದೆಯೋ? ಇವು ನಾಲ್ಕೂ ಬೇರೆ ಬೇರೆ ರೋಗಗಳು, ಔಷಧಿಯೂ ಬೇರೆ ಬೇರೆ. "ಹಾಗೇನೂ ಇಲ್ಲ, ಪವರ್ ಬೇಕು ಅಷ್ಟೆ" ಅನ್ನುವುದಾದರೆ ಮುಂದಿನ ಮಾತನ್ನು ಇನ್ನಷ್ಟು ಗಮನ ಕೊಟ್ಟು ಓದಿ.

ಎರಡನೆಯದು ಪೈಪಿನ ಲೋಹ. ಸಾಧಾರಣ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪೈಪೋ, 304 ಸ್ಟೇನ್‌ಲೆಸ್ ಸ್ಟೀಲೋ, ಟೈಟಾನಿಯಮ್ಮೋ? ಅನುಮಾನವಿದ್ದರೆ ಅಯಸ್ಕಾಂತ ಹಿಡಿದು ನೋಡಿ. ಎಂಎಸ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, 304ಕ್ಕೆ ಅಂಟುವುದಿಲ್ಲ ಅಥವಾ ಬಗ್ಗಿಸಿದ ಜಾಗದಲ್ಲಿ ಮಾತ್ರ ಸ್ವಲ್ಪ ಎಳೆಯುತ್ತದೆ.

ಮೂರನೆಯದು ನೀರು. ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕುಗಳಲ್ಲಿ ಮಾತ್ರ ಓಡುವ ಬೈಕಿನ ಬಾಳು ಒಂದು ಥರ. ಚಿಕ್ಕಮಗಳೂರು, ಸಕಲೇಶಪುರದ ಕಡೆ ಕೆಸರಲ್ಲಿ ಮುಳುಗೇಳುವ ರ‍್ಯಾಲಿ ಬೈಕಿನ ಬಾಳೇ ಬೇರೆ. ಮಂಗಳೂರು, ಉಡುಪಿಯವರಾದರೆ ಉಪ್ಪುಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಾಲ್ಕನೆಯದು, ಟೂ-ಸ್ಟ್ರೋಕೋ ಫೋರ್-ಸ್ಟ್ರೋಕೋ. ಐದನೆಯದು, ಬೈಕು ಬಿದ್ದಾಗ ಏನಾಗುತ್ತದೆ. ರೇಸ್ ಬೈಕು ಬಿದ್ದೇ ಬೀಳುತ್ತದೆ. ಬಿದ್ದ ಮೇಲೆ ಅದೇ ಸಂಜೆ ಪಿಟ್ಟಿನಲ್ಲಿ ಸರಿ ಮಾಡುವ ಹಾಗಿರಬೇಕು. ದುಡ್ಡಿನ ಮಾತನ್ನು ಪ್ರತಿಯೊಂದರ ಜೊತೆಗೇ ಹೇಳುತ್ತೇನೆ.

ಪವರ್ ವಿಚಾರ

ಸಿಲಿಂಡರಿನಿಂದ ಹೊರಬರುವ ಹೊಗೆ ಬಿಸಿಯಾಗಿದ್ದಷ್ಟೂ ಪೈಪಿನೊಳಗೆ ಅದರ ವೇಗ ಉಳಿಯುತ್ತದೆ, ಹಿಂದಿನ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ ಅನ್ನುವುದು ಪಟ್ಟಿ ಸುತ್ತುವವರ ವಾದ. ತತ್ವ ಸರಿಯಾದದ್ದೇ. ಆದರೆ ಈ ಪಟ್ಟಿ ಹೆಸರು ಮಾಡಿದ್ದು ಕಾರುಗಳಲ್ಲಿ. ಬಾನೆಟ್ಟಿನ ಕೆಳಗೆ ಪೈಪಿನ ಬಿಸಿಗೆ ಹೋಗಲು ದಾರಿಯಿಲ್ಲ, ಇಂಜಿನ್ ಅದೇ ಬಿಸಿಗಾಳಿಯನ್ನು ಉಸಿರಾಡುತ್ತದೆ. ಅಲ್ಲಿ ಸುತ್ತಿದರೆ ಲಾಭ ಕಣ್ಣಿಗೆ ಕಾಣುತ್ತದೆ. ಬೈಕಿನ ಬೆಂಡ್ ಪೈಪ್ ಇರುವುದು ಮುಂಗಾಳಿಯಲ್ಲಿ. ನೂರು ಕಿ.ಮೀ. ವೇಗದಲ್ಲಿ ಅದರ ಬಿಸಿ ಹಿಂದಕ್ಕೆ ಹಾರಿಹೋಗಿರುತ್ತದೆ.

ಏರ್‌ಬಾಕ್ಸಿಗೆ ಹೋಗುವ ಗಾಳಿ 30 ಡಿಗ್ರಿಯ ಬದಲು 40 ಡಿಗ್ರಿ ಇದ್ದರೆ ಅದರ ಸಾಂದ್ರತೆ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಹತ್ತು ಡಿಗ್ರಿಗೆ ಇಷ್ಟು. ಹಾಗಾಗಿ ಪೈಪು ಏರ್‌ಬಾಕ್ಸಿನ ಮಗ್ಗುಲಲ್ಲೇ ಹಾದುಹೋಗುವ ಬೈಕಾದರೆ ಆ ಒಂದು ಜಾಗದಲ್ಲಿ ತಡೆ ಹಾಕುವುದಕ್ಕೆ ಬೆಲೆ ಇದೆ. ಇಂಜಿನ್ ಮುಂದಿನ ಪೈಪಿಗೆಲ್ಲ ಸುತ್ತಿ ಪವರ್ ಕಾಯುತ್ತ ಕೂರುವುದಕ್ಕಿಂತ ಜೆಟ್ಟಿಂಗ್ (ಕಾರ್ಬುರೇಟರಿನ ಪೆಟ್ರೋಲ್ ಅಳತೆ ಹೊಂದಿಸುವುದು), ಟೈರ್ ಪ್ರೆಶರ್, ಚೈನ್ ಇವಕ್ಕೆ ಒಂದು ದಿನ ಕೊಟ್ಟರೆ ಲ್ಯಾಪ್ ಟೈಮಿನಲ್ಲಿ ಹೆಚ್ಚು ಸಿಗುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಬರಿಯ ಪೈಪು

ಖರ್ಚಿಲ್ಲ, ತೂಕವಿಲ್ಲ. ವೆಲ್ಡಿಂಗಿನಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಕಣ್ಣಿಗೆ ಬೀಳುತ್ತದೆ. ಈ ಕೊನೆಯ ಗುಣಕ್ಕೆ ಜನ ಬೆಲೆ ಕೊಡುವುದು ಕಡಿಮೆ. ರೇಸ್ ಮುಗಿಸಿ ಬಂದ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಬಿಟ್ಟರೆ ಫ್ಲ್ಯಾಂಜಿನ (ಪೈಪು ಇಂಜಿನ್ನಿಗೆ ಕಚ್ಚುವ ಅಂಚಿನ) ಪಕ್ಕದ ಕಪ್ಪು ಗೆರೆಯೇ ಗ್ಯಾಸ್ಕೆಟ್ ಸೋರುತ್ತಿದೆ ಅಂತ ಹೇಳುತ್ತದೆ. ಪಟ್ಟಿಯ ಕೆಳಗೆ ಅದೆಲ್ಲ ಮುಚ್ಚಿಹೋಗುತ್ತದೆ.

304 ಸ್ಟೇನ್‌ಲೆಸ್ ಎಂಎಸ್‌ಗೆ ಹೋಲಿಸಿದರೆ ಮೂರನೇ ಒಂದು ಭಾಗದಷ್ಟೇ ಬಿಸಿ ಸಾಗಿಸುತ್ತದೆ. ತುಕ್ಕಿನ ಭಯವೂ ಕಡಿಮೆ. ಟೈಟಾನಿಯಂ ಪೈಪಿದ್ದವರು ದಯವಿಟ್ಟು ಏನನ್ನೂ ಸುತ್ತಬೇಡಿ. ತೀರಾ ಬಿಸಿಯಾದ ಟೈಟಾನಿಯಂ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ಪೆಡಸಾಗುತ್ತದೆ, ಆಮೇಲೆ ಕಂಪನಕ್ಕೆ ಬಿರುಕು ಬಿಡುತ್ತದೆ. ಅಷ್ಟು ದುಡ್ಡು ಕೊಟ್ಟ ಪೈಪು ತಣ್ಣಗಾಗಲು ಗಾಳಿ ಬೇಕು.

ಎಂಎಸ್ ಪೈಪಾದರೆ ಮರಳು ಹೊಡೆಸಿ 600 ಡಿಗ್ರಿಯ ಹೀಟ್ ಪ್ರೂಫ್ ಪೇಂಟ್ ಹೊಡೆಸಿ. ಅದು ಬಿಸಿ ತಡೆಯುವುದಿಲ್ಲ, ತುಕ್ಕು ತಡೆಯುತ್ತದೆ. ಪೌಡರ್ ಕೋಟಿಂಗ್ ಮಾತ್ರ ಮಾಡಿಸಬೇಡಿ, ಬೆಂಡ್ ಪೈಪಿನ ಬಿಸಿಗೆ ಅದು ಸುಟ್ಟು ಸಿಪ್ಪೆ ಏಳುತ್ತದೆ.

ಹೀಟ್ ಶೀಲ್ಡ್

ಪೈಪಿನಿಂದ ಒಂದು ಸೆಂಟಿಮೀಟರಿನಷ್ಟು ದೂರ ಬಿಟ್ಟು ತೆಳು ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ತಗಡು ಕೂರಿಸುವುದು. ಕೆಲಸ ಮಾಡುವುದು ನಡುವಿನ ಗಾಳಿ. ತಗಡು ಪೈಪಿಗೆ ಮುಟ್ಟಿದರೆ ಎಲ್ಲ ವ್ಯರ್ಥ. ನೋಡಲು ಸಾಮಾನ್ಯ ವಸ್ತು, ಆದರೆ ಮೇಲೆ ಹೇಳಿದ ನಾಲ್ಕು ರೋಗಗಳಲ್ಲಿ ಮೂರಕ್ಕೆ ಇದೇ ಔಷಧಿ. ಕಾಲು ಸುಡುತ್ತಿದ್ದರೆ ಕಾಲಿನ ಹತ್ತಿರ, ಫೇರಿಂಗ್ ಕರಗುತ್ತಿದ್ದರೆ ಫೇರಿಂಗಿನ ಒಳಮೈಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆ, ಏರ್‌ಬಾಕ್ಸ್ ಬಿಸಿಯಾದರೆ ನಡುವೆ ಒಂದು ಗೋಡೆ. ಬಿದ್ದು ತಗಡು ಚಪ್ಪಟೆಯಾದರೆ ಸುತ್ತಿಗೆಯಲ್ಲಿ ಬಡಿದು ಮತ್ತೆ ಹಾಕಬಹುದು. ಊರಿನ ಲೇತ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಆಗುವ ಕೆಲಸ. ಕ್ಲಾಂಪ್ ಸ್ಕ್ರೂ ಕಂಪನಕ್ಕೆ ಸಡಿಲಾಗುತ್ತದೆ ಅನ್ನುವುದೊಂದೇ ತಲೆನೋವು. ಅದಕ್ಕೆ ಸೇಫ್ಟಿ ವೈರ್ (ಸ್ಕ್ರೂ ತಿರುಗದಂತೆ ಬಿಗಿಯುವ ತಂತಿ) ಹಾಕಿಬಿಡಿ.

ಹೀಟ್ ರ‍್ಯಾಪ್

ಸಾಧಾರಣ ಪಟ್ಟಿ ಗಾಜಿನ ನಾರಿನದು, ಬಿಳಿ ಅಥವಾ ತಿಳಿ ಕಂದು ಬಣ್ಣ. 550 ಡಿಗ್ರಿ ದಾಟಿದರೆ ನಾರು ಪೆಡಸಾಗುತ್ತ ಬರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಫೋರ್-ಸ್ಟ್ರೋಕ್ ಇಂಜಿನ್ನಿನ ಹೊಗೆ ಪೋರ್ಟಿನ (ಸಿಲಿಂಡರಿನಿಂದ ಹೊಗೆ ಹೊರಬರುವ ದಾರಿಯ) ಬಾಯಲ್ಲಿ 700 ಡಿಗ್ರಿ ದಾಟುವುದು ಸಾಮಾನ್ಯ. ಸುತ್ತಿದ ಮೇಲೆ ಪೈಪಿನ ಮೈಯೂ ಅದರ ಹತ್ತಿರಕ್ಕೆ ಏರುತ್ತದೆ. ಹಾಗಾಗಿ ಅಗ್ಗದ ಪಟ್ಟಿ ಮೊದಲು ಪುಡಿಯಾಗುವುದು ಹೆಡ್ಡಿನ ಹತ್ತಿರದ ಒಂದು ಗೇಣಿನಲ್ಲೇ. "ಟೈಟಾನಿಯಂ ರ‍್ಯಾಪ್" ಎಂದು ಮಾರುವುದರಲ್ಲಿ ಟೈಟಾನಿಯಂ ಲೋಹದ ಎಳೆ ಇರುತ್ತದೆ ಅಂದುಕೊಳ್ಳಬೇಡಿ. ಅದು ಜ್ವಾಲಾಮುಖಿ ಶಿಲೆಯಿಂದ ಮಾಡಿದ ನಾರು, ಹೆಸರು ಬಣ್ಣದ್ದು. ಡಿಇಐ ಕಂಪನಿ ತನ್ನ ಅಂಥ ಪಟ್ಟಿಗೆ 980 ಡಿಗ್ರಿಯವರೆಗಿನ ತಾಳಿಕೆ ಹೇಳುತ್ತದೆ. ಹೆಸರಿಲ್ಲದ ಗಾಜಿನ ಪಟ್ಟಿ ಕೆಲವು ನೂರು ರೂಪಾಯಿಗೆ ಸಿಕ್ಕರೆ ಇದು ಕೆಲವು ಸಾವಿರ. ಸುತ್ತುವುದೇ ಆದರೆ ಇದನ್ನೇ ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಕೊಡುವ ಕಲ್ನಾರಿನ ಬಟ್ಟೆ, ಹಗ್ಗ ಮಾತ್ರ ಖಂಡಿತ ಬೇಡ. ಕಲ್ನಾರಿನ ಪುಡಿ ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ತರುತ್ತದೆ.

ಪಟ್ಟಿಯ ಒಳ್ಳೆಯ ಗುಣ: ಪೈಪಿನ ಸುತ್ತಲಿನ ಬಿಸಿ ಕೂಡಲೇ ಇಳಿಯುತ್ತದೆ. ಅದರ ಬೆಲೆ ಗೊತ್ತಾಗುವುದು ನಿಂತಾಗ. ಗ್ರಿಡ್ಡಿನಲ್ಲಿ (ರೇಸ್ ಹೊರಡುವ ಸಾಲಿನಲ್ಲಿ) ನಿಂತ ಕಾರ್ಬುರೇಟರ್ ಬೈಕಿಗೆ ಗಾಳಿಯಿಲ್ಲ, ಕೆಳಗಿನಿಂದ ಕೆಂಡದಂಥ ಪೈಪು. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತವೆ. ಬಾವುಟ ಬಿದ್ದಾಗ ಬೈಕು ಮುಗ್ಗರಿಸುವುದು ಇದರಿಂದಲೇ. ಇಂಥ ಬೈಕಿಗೆ ಕಾರ್ಬುರೇಟರಿನ ಹತ್ತಿರ ಹಾದುಹೋಗುವ ತುಂಡಿಗೆ ಮಾತ್ರ ಪಟ್ಟಿ ಸುತ್ತಿ ಗುಣ ಕಂಡಿದ್ದೇನೆ. ಆದರೆ ಸುತ್ತಿದ ಪೈಪು ಮುಟ್ಟುವ ಹಾಗಿರುತ್ತದೆ ಅಂದುಕೊಳ್ಳಬೇಡಿ, ಅದೂ ಸುಡುತ್ತದೆ.

ಇನ್ನು ಅದರ ಕೆಡುಕು. ಇದನ್ನು ನಾನು ಕಲಿತದ್ದು ನನ್ನದೇ ಬೈಕಿನಲ್ಲಿ. ಮಲೆನಾಡಿನಲ್ಲಿ ಓಡಿಸುತ್ತಿದ್ದ ನನ್ನ ರ‍್ಯಾಲಿ ಬೈಕಿನ ಎಂಎಸ್ ಬೆಂಡಿಗೆ ಬೇಸಗೆಯಲ್ಲಿ ಪಟ್ಟಿ ಸುತ್ತಿಸಿದೆ. ಮಳೆಗಾಲವಿಡೀ ಓಡಿಸಿದೆ. ದೀಪಾವಳಿ ಹೊತ್ತಿಗೆ ಸದ್ದು ಒಡೆದ ಹಾಗೆ ಕೇಳಿಸತೊಡಗಿತು. ಟೈ ಕತ್ತರಿಸಿ ಪಟ್ಟಿ ಬಿಚ್ಚುತ್ತ ಹೋದರೆ ಕೆಳಬಾಗಿನಲ್ಲಿ ಪಟ್ಟಿ ಕೆಸರು ಹೀರಿ ಗಟ್ಟಿಯಾಗಿ ಕೂತಿತ್ತು. ಎಳೆದಾಗ ಅದರ ಜೊತೆಗೇ ಪೈಪಿನ ಮೈ ಹಪ್ಪಳದಂತೆ ಎದ್ದು ಬಂತು. ಹೆಬ್ಬೆರಳಲ್ಲಿ ಒತ್ತಿದೆ, ಬೆರಳು ಒಳಗೆ ಹೋಯಿತು. ಒಂದೇ ಮಳೆಗಾಲ! ಪೇಂಟ್ ಇಲ್ಲದೆ, ನೀರು ಇಳಿಯಲು ದಾರಿ ಬಿಡದೆ ಸುತ್ತಿಸಿದ್ದು ನನ್ನದೇ ತಪ್ಪು.

ಹೀಗಾಗಲು ಕಾರಣ ಸರಳ. ಪಟ್ಟಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಗೆ ಎಂಎಸ್‌ನ ಮೈ 540 ಡಿಗ್ರಿ ಸುಮಾರಿಗೆ ಹೊಪ್ಪಳಿಕೆ ಏಳತೊಡಗುತ್ತದೆ. ಹಗಲು ಸುಡುವುದು, ರಾತ್ರಿ ನೆನೆಯುವುದು ಎರಡೂ ಸೇರಿ ಪೈಪನ್ನು ತಿನ್ನುತ್ತವೆ. ಸ್ಟೇನ್‌ಲೆಸ್ ಕೂಡ ಪೂರ್ತಿ ಪಾರಾಗುವುದಿಲ್ಲ. 425ರಿಂದ 860 ಡಿಗ್ರಿ ನಡುವೆ ಬಹಳ ಹೊತ್ತು ಇದ್ದರೆ 304ರೊಳಗಿನ ಕ್ರೋಮಿಯಂ ಇಂಗಾಲದ ಜೊತೆ ಕೂಡಿ ಕಣಗಳ ಅಂಚಿನಲ್ಲಿ ಕಟ್ಟಿಕೊಳ್ಳುತ್ತದೆ. ತುಕ್ಕು ತಡೆಯುವ ಶಕ್ತಿ ಆ ಅಂಚಿನಲ್ಲಿ ಕುಂದುತ್ತದೆ, ವೆಲ್ಡಿಂಗಿನ ಪಕ್ಕದಲ್ಲಂತೂ ಹೆಚ್ಚು. ಕರಾವಳಿಯ ಉಪ್ಪು ಅಲ್ಲೇ ಕೈಹಾಕುತ್ತದೆ. ಮೇಲಾಗಿ 304 ಹಿಗ್ಗುವುದೂ ಹೆಚ್ಚು. 60 ಸೆಂ.ಮೀ. ಉದ್ದದ ಪೈಪು 500 ಡಿಗ್ರಿ ಏರಿದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಒಳ್ಳೆಯ ರೇಸ್ ಪೈಪುಗಳಲ್ಲಿ ಸ್ಪ್ರಿಂಗ್ ಹಾಕಿದ ಜಾರುಜೋಡಣೆ ಇರುವುದು ಇದಕ್ಕೇ. ನಿಮ್ಮದು ಎರಡೂ ಕಡೆ ಬಿಗಿಯಾಗಿ ಕಚ್ಚಿಸಿದ ಪೈಪಾದರೆ ಸುತ್ತಿದ ಮೇಲೆ ಬಿರುಕಿಗೆ ಕಾಯಿರಿ.

ಇನ್ನೂ ಒಂದು ಅಪಾಯವಿದೆ. ಇಂಜಿನ್ ಆಯಿಲ್ ಅಥವಾ ಪೆಟ್ರೋಲ್ ಸೋರಿ ಪಟ್ಟಿ ಕುಡಿದರೆ ಅದು ದೀಪದ ಬತ್ತಿಯೇ. ಸೋರಿಕೆ ಇರುವ ಬೈಕಿಗೆ ಪಟ್ಟಿ ಸುತ್ತಬೇಡಿ, ಸುತ್ತಿದ್ದರೆ ಸೋರಿದ ದಿನವೇ ಕಿತ್ತು ಬಿಸಾಡಿ. ಬಿಎಸ್6 ಬೈಕಿನಲ್ಲಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಭಾಗವನ್ನೂ ಆಕ್ಸಿಜನ್ ಸೆನ್ಸರನ್ನೂ ಮುಚ್ಚಬಾರದು, ಎರಡೂ ಅತಿ ಬಿಸಿಗೆ ಕೆಡುತ್ತವೆ.

ಟೂ-ಸ್ಟ್ರೋಕಿನವರಿಗೆ ಬೇರೆಯದೇ ಮಾತು

ನಮ್ಮಲ್ಲಿ ಮಣ್ಣಿನ ರೇಸುಗಳಲ್ಲಿ ಯಮಹಾದ ಹಳೆಯ ಟೂ-ಸ್ಟ್ರೋಕ್ ಆರ್‌ಎಕ್ಸ್ ಬೈಕುಗಳ ಮೇಲಿನ ಪ್ರೀತಿ ಇನ್ನೂ ಕಡಿಮೆಯಾಗಿಲ್ಲ. ಅವುಗಳ ಚೇಂಬರ್ (ನಡುವೆ ಉಬ್ಬಿದ ಎಕ್ಸಾಸ್ಟ್ ಪೈಪು) ಬರೀ ಹೊಗೆಕೊಳವೆಯಲ್ಲ. ಪೋರ್ಟಿನಿಂದ ಹೊರಟ ಒತ್ತಡದ ಅಲೆ ಚೇಂಬರಿನ ಹಿಂದಿನ ಕೋನ್‌ಗೆ ಬಡಿದು ವಾಪಸು ಬಂದು, ಹೊರಗೆ ಹೋಗುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮತ್ತೆ ತುಂಬಬೇಕು. ಸರಿಯಾದ ಹೊತ್ತಿಗೆ ಬಂದರಷ್ಟೇ ಪವರ್. ಆ ಅಲೆಯ ವೇಗ ಹೊಗೆಯ ಬಿಸಿಯ ಮೇಲೆ ನಿಂತಿದೆ. ಚೇಂಬರಿನೊಳಗೆ ಸರಾಸರಿ 500 ಡಿಗ್ರಿ ಇದ್ದದ್ದು ಸುತ್ತಿದ ಮೇಲೆ 550 ಆಯಿತು ಅಂದುಕೊಳ್ಳಿ. ಅಲೆ ಶೇ. 3ರಷ್ಟು ಬೇಗ ಓಡುತ್ತದೆ. 9,000 ಆರ್‌ಪಿಎಂನಲ್ಲಿ ಸಿಗುತ್ತಿದ್ದ ತುತ್ತತುದಿಯ ಪವರ್ ಸುಮಾರು 300 ಆರ್‌ಪಿಎಂ ಮೇಲಕ್ಕೆ ಹೋಗುತ್ತದೆ. ಉದ್ದನೆಯ ನೇರ ರಸ್ತೆಯ ಟ್ರ್ಯಾಕಿಗೆ ಅದು ವರವಾಗಬಹುದು. ತಿರುವಿನಿಂದ ತಿರುವಿಗೆ ಎಳೆಯಬೇಕಾದ ಮಣ್ಣಿನ ಟ್ರ್ಯಾಕಿನಲ್ಲಿ ಕೆಳಗಿನ ಎಳೆತ ಕಳೆದುಕೊಂಡು ಪರದಾಡುತ್ತೀರಿ.

ಹಾಗಾಗಿ ಚೇಂಬರ್ ಸುತ್ತುವುದು ಟ್ಯೂನಿಂಗ್ ಬದಲಾಯಿಸಿದಂತೆ. ಸುತ್ತಿದರೆ ಗೇರಿಂಗ್, ಜೆಟ್ ಎಲ್ಲ ಮತ್ತೆ ನೋಡಬೇಕು, ಸ್ಪಾರ್ಕ್ ಪ್ಲಗ್ಗಿನ ತುದಿಯ ಬಣ್ಣ ನೋಡಿ ಮಿಶ್ರಣ ಸರಿಯಿದೆಯೇ ಅಂತ ಓದಬೇಕು. ಜಾಯಿಂಟಿನಲ್ಲಿ ಒಸರುವ 2ಟಿ ಆಯಿಲ್ ಬೇರೆ ಪಟ್ಟಿಗೆ ಇಳಿಯುತ್ತದೆ. ಟೂ-ಸ್ಟ್ರೋಕಿಗೆ ನನ್ನ ಸಲಹೆ: ಸುತ್ತಬೇಡಿ. ಕಾಲಿಗೆ ಶೀಲ್ಡ್ ಹಾಕಿ, ಅಷ್ಟು ಸಾಕು.

ಸೆರಾಮಿಕ್ ಕೋಟಿಂಗ್

ಎಲ್ಲವೂ ಒಂದೇ ಅಲ್ಲ. ಬಣ್ಣದ ಹಾಗೆ ಸಿಂಪಡಿಸಿ ಒಲೆಯಲ್ಲಿ ಬೇಯಿಸುವ ತೆಳು ಲೇಪ ಒಂದು. ಅದು ತುಕ್ಕು ತಡೆಯುವುದರಲ್ಲಿ ಗಟ್ಟಿಗ, ಬಿಸಿ ತಡೆಯುವುದು ಸಾಧಾರಣ. ಪ್ಲಾಸ್ಮಾದಿಂದ ಜಿರ್ಕೋನಿಯಾ ಎರಚಿ ಸುಮಾರು 300 ಮೈಕ್ರಾನ್ ದಪ್ಪ ಕೂರಿಸುವುದು ಇನ್ನೊಂದು. ನಿಜವಾಗಿ ಬಿಸಿ ತಡೆಯುವುದು ಇದು, ಬೆಲೆಯೂ ಹಾಗೇ. ಅಂಗಡಿಯವರು ಎರಡಕ್ಕೂ ಸೆರಾಮಿಕ್ ಎಂದೇ ಹೇಳುತ್ತಾರೆ, ಯಾವುದೆಂದು ಕೇಳಿಯೇ ದುಡ್ಡು ಕೊಡಿ. ಪೈಪಿನ ಒಳಮೈಗೂ ಹೊಡೆಯುತ್ತಾರೆಯೇ ಅಂತಲೂ ಕೇಳಿ. ಒಳಗೂ ಇದ್ದರೆ ಲೋಹಕ್ಕೇ ಬಿಸಿ ತಟ್ಟುವುದು ಕಡಿಮೆ. ಪಟ್ಟಿ ಸುತ್ತಿದಾಗ ಲೋಹವೇ ಒಳಗೆ ಬೇಯುತ್ತದೆ. ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದು.

ನೀರು ಹಿಡಿಯುವುದಿಲ್ಲ, ತೂಕವಿಲ್ಲ, ಪೈಪಿನ ಮೈ ಕಾಣುತ್ತಿರುತ್ತದೆ. ಕೊರತೆಯೂ ಇದೆ. ಒಮ್ಮೆ ಹೊಡೆಸಿದ ಮೇಲೆ ವೆಲ್ಡ್ ಮಾಡಿದರೆ ಆ ಜಾಗದ ಲೇಪ ಹೋಯಿತು. ಬಿದ್ದು ನೆಗ್ಗಿದರೆ ಚಕ್ಕೆ ಏಳುತ್ತದೆ. ಹಾಗಾಗಿ ಪೈಪಿನ ಉದ್ದ, ಬೆಂಡು ಎಲ್ಲ ಅಂತಿಮವಾಗಿ, ಒಂದೆರಡು ರೇಸಿನಲ್ಲಿ ಪರೀಕ್ಷಿಸಿದ ಮೇಲೆಯೇ ಕಳಿಸಿ. ಹೋಗಿ ಬರಲು ವಾರಗಳೇ ಹಿಡಿಯಬಹುದು.

ಯಾರಿಗೆ ಯಾವುದು

ಮೊದಲ ವರ್ಷ ಟ್ರ್ಯಾಕಿಗೆ ಇಳಿಯುವವರು, ಕೈಯಲ್ಲಿ ದುಡ್ಡು ಕಡಿಮೆ: ಬರಿಯ ಪೈಪು, ಕಾಲಿಗೆ ಶೀಲ್ಡ್. ಉಳಿದ ದುಡ್ಡು ಬ್ರೇಕ್ ಪ್ಯಾಡಿಗೆ, ಟೈರಿಗೆ. ಫೇರಿಂಗ್ ಇರುವ, ಒಣ ಟ್ರ್ಯಾಕಿನಲ್ಲೇ ಓಡುವ ಸ್ಟೇನ್‌ಲೆಸ್ ಪೈಪಿನ ಫೋರ್-ಸ್ಟ್ರೋಕಿಗೆ, ಬಿಸಿ ಕಾಡುವ ತುಂಡಿಗೆ ಮಾತ್ರ ಶಿಲಾನಾರಿನ ಪಟ್ಟಿ ಸರಿ. ಒಂದೇ ಬೈಕನ್ನು ಮೂರ್ನಾಲ್ಕು ಸೀಸನ್ ಓಡಿಸುವ ಲೆಕ್ಕವಿದ್ದು ಪೈಪು ಬದಲಾಗುವುದಿಲ್ಲವಾದರೆ ಸೆರಾಮಿಕ್ ಮೇಲಿನ ದುಡ್ಡು ದಂಡವಲ್ಲ. ರ‍್ಯಾಲಿಯವರು, ಕರಾವಳಿಯವರು ಪಟ್ಟಿಯ ತಂಟೆಗೇ ಹೋಗಬೇಡಿ. ರೇಸಿಗೆ ಮುಂಚೆ ಆಯೋಜಕರ ತಾಂತ್ರಿಕ ನಿಯಮ ಓದಿಕೊಳ್ಳುವುದೂ ನಿಮ್ಮ ಕೆಲಸವೇ.

ಸುತ್ತಲು ತೀರ್ಮಾನ ಮಾಡಿದವರಿಗೆ ಕೆಲವು ಮಾತು. 38 ಮಿ.ಮೀ. ಹೊರವ್ಯಾಸದ 60 ಸೆಂ.ಮೀ. ಉದ್ದದ ಪೈಪಿಗೆ, 6 ಮಿ.ಮೀ. ಮೇಲೆ ಮೇಲೆ ಬರುವಂತೆ ಸುತ್ತಿದರೆ, ಎರಡಿಂಚಿನ ಪಟ್ಟಿ ಎರಡು ಮೀಟರ್ ಸಾಕು. ಒಂದಿಂಚಿನದಾದರೆ ನಾಲ್ಕು ಮೀಟರ್ ಬೇಕು. ಚಿಕ್ಕ ಬೆಂಡಿಗೆ ಒಂದಿಂಚಿನದೇ ಚೆನ್ನಾಗಿ ಕೂರುತ್ತದೆ. ಸಿಂಗಲ್ ಸಿಲಿಂಡರಿಗೆ 15 ಮೀಟರಿನ ಸುರುಳಿ ಕೊಳ್ಳಬೇಡಿ, ಇಬ್ಬರು ಮೂವರು ಸೇರಿ ಹಂಚಿಕೊಳ್ಳಿ. ಎಂಎಸ್ ಆದರೆ ಮೊದಲು ಪೇಂಟ್ ಹೊಡೆದು ಒಣಗಿಸಿ. ಸೈಲೆನ್ಸರ್ ಕಡೆಯಿಂದ ಶುರು ಮಾಡಿ ಹೆಡ್ಡಿನ ಕಡೆಗೆ ಏರುತ್ತ ಹೋಗಿ, ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಹಂಚಿನ ಮಾಡಿನ ಹಾಗೆ ಕೂರುತ್ತದೆ, ನೀರು ಜಾರಿಹೋಗುತ್ತದೆ. ಫ್ಲ್ಯಾಂಜಿನ ಹತ್ತಿರ ಎರಡು ಬೆರಳಗಲ ಬಿಡಿ. ತೀರಾ ತಗ್ಗಿನ ಜಾಗದಲ್ಲಿ ಒಂದು ಬೆರಳಗಲ ಬಿಟ್ಟು ಎರಡು ತುಂಡಾಗಿ ಸುತ್ತಿ. ಕಟ್ಟಲು ಸ್ಟೇನ್‌ಲೆಸ್ ಟೈ. ಕೈಗೆ ಗ್ಲೌಸು, ತುಂಬುತೋಳಿನ ಅಂಗಿ, ಮೂಗಿಗೆ ಮಾಸ್ಕ್ ಬೇಕೇಬೇಕು, ನಾರು ಚುಚ್ಚಿದರೆ ಎರಡು ದಿನ ತುರಿಕೆ. ಮೊದಲ ಸಲ ಸ್ಟಾರ್ಟ್ ಮಾಡುವುದು ಬಯಲಲ್ಲಿ, ಸ್ವಲ್ಪ ಹೊತ್ತು ದಟ್ಟ ಹೊಗೆ ಬರುತ್ತದೆ, ಗಾಬರಿ ಬೇಡ.

ಈಗಾಗಲೇ ಸುತ್ತಿಸಿಕೊಂಡು ಒಂದು ಮಳೆಗಾಲ ದಾಟಿದವರು ಇವತ್ತೇ ಕೆಳಬಾಗಿನ ಹತ್ತಿರದ ಟೈ ಒಂದನ್ನು ಕತ್ತರಿಸಿ ಒಂದು ಗೇಣು ಬಿಚ್ಚಿ ನೋಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಪೈಪನ್ನು ಮೆಲ್ಲಗೆ ಬಡಿಯಿರಿ. ಠಣ್ ಅಂದರೆ ಪೇಂಟ್ ಹೊಡೆದು ಮತ್ತೆ ಸುತ್ತಬಹುದು. ಡಬ್ ಅಂತ ಸತ್ತ ಸದ್ದು ಬಂದರೆ ಆ ತುಂಡನ್ನು ಕತ್ತರಿಸಿ ಹೊಸದು ವೆಲ್ಡ್ ಮಾಡಿಸುವವರೆಗೂ ಬೈಕನ್ನು ಗ್ರಿಡ್ಡಿಗೆ ಒಯ್ಯಬೇಡಿ.